ಲ್ಯಾಪ್‌ಟಾಪ್ ಯಾರದ್ದೋ, ಡಿಸ್ಟ್ರೊ ಅವರದ್ದೇ ಇರಲಿ

ಈ ಸಲ ಬೇರೆಯವರಿಗೆ ಬುದ್ಧಿ ಹೇಳೋ ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಂಡುಬಿಡ್ತೀವಿ.

ಕಳೆದ ಸೆಮಿಸ್ಟರ್‌ನಲ್ಲಿ ಎರಡನೇ ಇಂಟರ್ನಲ್ಸ್ ಮುಗಿದ ವಾರ. ರಾತ್ರಿ ಹತ್ತೂವರೆ ಹೊತ್ತಿಗೆ ನಮ್ಮ ಗ್ರೂಪಿಗೆ ಒಂದು ಫೋಟೊ ಬಂತು. ಕಪ್ಪು ಪರದೆ, ಎಡಗಡೆ ಮೇಲಿನ ಮೂಲೆಯಲ್ಲಿ ಮಿಣುಕುವ ಒಂದು ಗೆರೆ, ಅಷ್ಟೇ. ಕೆಳಗೆ ಹೀಗೆ ಬರೆದಿತ್ತು: "ಅಣ್ಣ, ಪ್ರಾಜೆಕ್ಟಿಗೆ ಅಂತ ಒಂದು ಪ್ಯಾಕೇಜ್ ಹಾಕ್ದೆ, ರೀಸ್ಟಾರ್ಟ್ ಮಾಡ್ದೆ, ಹೀಗಾಗಿದೆ. ನಾಳೆ ಒಂಬತ್ತಕ್ಕೆ ಡೆಮೊ ಇದೆ." ಕಳಿಸಿದ್ದು ಎಲೆಕ್ಟ್ರಾನಿಕ್ಸ್ ಎರಡನೇ ವರ್ಷದ ಹುಡುಗಿ. ಅವಳ ಅಣ್ಣ ನಾಲ್ಕು ವರ್ಷ ಬಳಸಿ ಕೊಟ್ಟ ಲ್ಯಾಪ್‌ಟಾಪ್ ಅದು. ಪ್ರಾಜೆಕ್ಟಿನ ಕೋಡ್ ಇದ್ದದ್ದು ಅದೊಂದರಲ್ಲೇ.

ಲೇಡೀಸ್ ಹಾಸ್ಟೆಲ್ ಗೇಟ್ ಆಗಲೇ ಹಾಕಿಯಾಗಿತ್ತು. ವಾಚ್‌ಮನ್ ಅಂಕಲ್ ಕೈಯಿಂದ ಲ್ಯಾಪ್‌ಟಾಪ್ ಇಸ್ಕೊಂಡು ರೂಮಿಗೆ ತಂದೆವು. ಲೈವ್ ಪೆನ್‌ಡ್ರೈವ್ ಹಾಕಿ ಬೂಟ್ ಮಾಡಿ ನೋಡಿದರೆ ಫೈಲುಗಳೆಲ್ಲ ಇದ್ದವು. ಹೋದ ಜೀವ ಬಂದ ಹಾಗಾಯ್ತು. ಸಿಸ್ಟಮ್ ಸರಿಹೋಗೋಷ್ಟರಲ್ಲಿ ಮಾತ್ರ ಬೆಳಗಿನ ಜಾವ ಎರಡು ಗಂಟೆ. ಡೆಮೊ ನಡೀತು, ಮಾರ್ಕ್ಸೂ ಬಂತು. ಮಾರನೇ ದಿನ ಕ್ಯಾಂಟೀನ್ ಹತ್ತಿರ ಸಿಕ್ಕಾಗ ಅವಳು ಹೇಳಿದ್ದು ಒಂದೇ ಮಾತು: "ಥ್ಯಾಂಕ್ಸ್ ಅಣ್ಣ. ಆದ್ರೆ ನಂಗೆ ಮೊದಲಿದ್ದದ್ದೇ ಹಾಕ್ಕೊಡಿ."

ಮೊದಲಿದ್ದದ್ದು ಉಬುಂಟು. ಅದನ್ನು ತೆಗೆದು ಬೇರೆ ಡಿಸ್ಟ್ರೊ ಹಾಕಿದವರು ನಾವೇ. ಸೆಮಿಸ್ಟರ್ ಶುರುವಿನಲ್ಲಿ ನಡೆಸಿದ ನಮ್ಮ ಸಂಘದ ಲಿನಕ್ಸ್ ಕ್ಯಾಂಪಿಗೆ ಅವಳು ಬಂದು ಕೇಳಿದ್ದು ಇಷ್ಟೇ: "ತುಂಬಾ ಸ್ಲೋ ಆಗಿದೆ, ಸ್ವಲ್ಪ ಹಗುರ ಇರೋದು ಯಾವುದಾದ್ರೂ ಇದೆಯಾ?" ನಮಗೆ ಅಷ್ಟು ಸಾಕಿತ್ತು. ಆ ದಿನಗಳಲ್ಲಿ ನಮ್ಮ ತಲೆಗೆ ಹತ್ತಿದ್ದ ಒಂದು ರೋಲಿಂಗ್ ಡಿಸ್ಟ್ರೊ, ಅದರ ಮೇಲೆ ಕೀಬೋರ್ಡಿನಲ್ಲೇ ಎಲ್ಲ ನಡೆಯುವ ಟೈಲಿಂಗ್ ವಿಂಡೋ ಮ್ಯಾನೇಜರ್, ಹಿಂದೆ ಒಂದು ಚೆಂದದ ವಾಲ್‌ಪೇಪರ್. ಫೋಟೊ ತೆಗೆದು ಸ್ಟೇಟಸ್ಸಿಗೂ ಹಾಕಿಕೊಂಡೆವು. ಅವಳಿಗೆ ಏನು ಬೇಕು ಅಂತ ಕೇಳಲಿಲ್ಲ. ನಮಗೆ ಇಷ್ಟವಾದದ್ದನ್ನು ಅವಳ ಲ್ಯಾಪ್‌ಟಾಪಿಗೆ ಹಾಕಿದೆವು.

ಈ ಬರಹದಲ್ಲಿ ನಾವು ಹೇಳಬೇಕಿರೋದು ಇಷ್ಟು: ಡಿಸ್ಟ್ರೊ ಆರಿಸೋದು ಲ್ಯಾಪ್‌ಟಾಪಿಗಲ್ಲ, ಅದನ್ನು ದಿನಾ ಬಳಸುವವರಿಗೆ. ಅದು ಕೆಟ್ಟ ರಾತ್ರಿ ಯಾರು ಎದ್ದು ಕೂತು ಸರಿಮಾಡಬೇಕೋ, ಆಯ್ಕೆ ಅವರದ್ದಾಗಿರಬೇಕು.

ಅಕ್ಕಿ ಒಂದೇ, ಅಡುಗೆ ಬೇರೆ

ಹೊಸಬರಿಗಾಗಿ ಎರಡು ಮಾತು. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಶುರುಮಾಡಿದ್ದು ಕರ್ನಲ್ ಒಂದನ್ನೇ. ಅದರ ಸುತ್ತ ಸಾಫ್ಟ್‌ವೇರ್‌ಗಳನ್ನು ಜೋಡಿಸಿ, ಹಾಕೋಕೆ ತೆಗೆಯೋಕೆ ಒಂದು ವ್ಯವಸ್ಥೆ ಮಾಡಿ, ಬಳಸುವ ಹಾಗೆ ಕಟ್ಟಿಕೊಡುವುದೇ ಡಿಸ್ಟ್ರೊ. ಡೆಬಿಯನ್ ಶುರುವಾದದ್ದು 1993ರಲ್ಲಿ. ಅದರ ಆಧಾರದ ಮೇಲೆ 2004ರಲ್ಲಿ ಉಬುಂಟು ಬಂತು, ಉಬುಂಟು ಮೇಲೆ 2006ರಲ್ಲಿ ಲಿನಕ್ಸ್ ಮಿಂಟ್. ಫೆಡೋರಾ, ಆರ್ಚ್, ಓಪನ್‌ಸುಸೆ ಇವೆಲ್ಲ ಬೇರೆ ಬೇರೆ ಮನೆತನದವು. ನಮ್ಮ ಮೆಸ್ಸಿನಲ್ಲಿ ಸೋಮವಾರ ಚಿತ್ರಾನ್ನ, ಬುಧವಾರ ಪುಳಿಯೋಗರೆ, ಶನಿವಾರ ಬಿಸಿಬೇಳೆಬಾತ್ ಮಾಡ್ತಾರಲ್ಲ, ಅಕ್ಕಿ ಒಂದೇ ಮೂಟೆಯದ್ದು. ಇದೂ ಹಾಗೇ.

ಹಾಗಾಗಿ "ಯಾವ ಡಿಸ್ಟ್ರೊ ಫಾಸ್ಟು?" ಅನ್ನೋ ಪ್ರಶ್ನೆಯಲ್ಲೇ ಒಂದು ತಪ್ಪಿದೆ. ಕರ್ನಲ್ ಹೆಚ್ಚು ಕಡಿಮೆ ಒಂದೇ ಆದಮೇಲೆ, ಹಳೇ ಲ್ಯಾಪ್‌ಟಾಪಿನಲ್ಲಿ ನಮಗೆ ಗೊತ್ತಾಗುವ ವೇಗದ ವ್ಯತ್ಯಾಸ ಬರೋದು ಮುಖ್ಯವಾಗಿ ಡೆಸ್ಕ್‌ಟಾಪಿನಿಂದ, ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮುಗಳಿಂದ, ಮತ್ತೆ ಯಂತ್ರದಿಂದಲೇ. ಗ್ನೋಮ್‌ಗೆ ರ‍್ಯಾಮ್ ಜಾಸ್ತಿ ಬೇಕು. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಕಡಿಮೆಯಲ್ಲಿ ಸುಧಾರಿಸುತ್ತವೆ. ಉಬುಂಟು ಇದ್ದವರು ಅದನ್ನು ಅಳಿಸಬೇಕಾಗೇ ಇಲ್ಲ. ಅದರ ಮೇಲೆಯೇ ಎಕ್ಸ್‌ಎಫ್‌ಸಿಇ ಹಾಕಿ, ಲಾಗಿನ್ ಪರದೆಯಲ್ಲಿ ಅದನ್ನು ಆರಿಸಿಕೊಂಡರೆ ಮುಗೀತು. ಹಿಡಿಸದಿದ್ದರೆ ಮತ್ತೆ ಗ್ನೋಮ್‌ಗೆ ಬರಬಹುದು. ಅರ್ಧ ಗಂಟೆ ಕೆಲಸ.

ಆ ರಾತ್ರಿ ಅವಳ ಲ್ಯಾಪ್‌ಟಾಪ್ ರಿಪೇರಿ ಮಾಡುವಾಗ ನಾವು ಮೊದಲೇ ನೋಡಬೇಕಿದ್ದ ಒಂದು ಸಂಗತಿ ಕಣ್ಣಿಗೆ ಬಿತ್ತು. ಒಳಗಿದ್ದದ್ದು ತಿರುಗುವ ಹಳೇ ಹಾರ್ಡ್‌ಡಿಸ್ಕ್. ರ‍್ಯಾಮ್ 4 ಜಿಬಿ. ನಾವು ಯಾವ ಡಿಸ್ಟ್ರೊ ಹಾಕಿದ್ದರೂ ಬ್ರೌಸರ್ ತೆಗೆಯೋಕೆ ಆ ಡಿಸ್ಕ್ ಅಷ್ಟೇ ಹೊತ್ತು ತಗೊಳ್ತಿತ್ತು. ಅವಳಿಗೆ ಬೇಕಿದ್ದದ್ದು ಒಂದು ಎಸ್‌ಎಸ್‌ಡಿ. ಹೊಟ್ಟೆನೋವು ಅಂತ ಬಂದವರಿಗೆ ನಾವು ಕಣ್ಣಿಗೆ ಡ್ರಾಪ್ಸ್ ಹಾಕಿ ಕಳಿಸಿದ್ದೆವು.

ಅದಕ್ಕೇ ಮೊದಲ ಸಲಹೆ: ಬದಲಿಸೋ ಮುಂಚೆ, ಬದಲಿಸಬೇಕಾ ಅಂತ ನೋಡಿ. ಸಿಸ್ಟಮ್ ಮಾನಿಟರ್ ತೆಗೆದು, ದಿನಾ ಮಾಡುವ ಕೆಲಸ ಮಾಡ್ತಾ, ರ‍್ಯಾಮ್ ತುಂಬ್ತಿದೆಯಾ, ಡಿಸ್ಕ್ ಒದ್ದಾಡ್ತಿದೆಯಾ, ಪ್ರೊಸೆಸರ್ ಬಿಸಿಯಾಗಿ ನಿಧಾನ ಆಗ್ತಿದೆಯಾ ಅಂತ ಗಮನಿಸಿ. ಬ್ರೌಸರಿನಲ್ಲಿ ನಲವತ್ತು ಟ್ಯಾಬ್ ತೆರೆದಿಟ್ಟವರಿಗೆ ಯಾವ ಡಿಸ್ಟ್ರೊನೂ ಮೋಕ್ಷ ಕೊಡಲ್ಲ.

ಎಂಟು ಸೆಮಿಸ್ಟರ್ ಲೆಕ್ಕ

ಸರಿ, ಬದಲಿಸಲೇಬೇಕು ಅಂತಾಯ್ತು. ಆಗ ನಾವೆಲ್ಲ ಮಾಡೋದು ಏನು? ಸ್ಕ್ರೀನ್‌ಶಾಟ್ ನೋಡ್ತೀವಿ, ಯೂಟ್ಯೂಬಿನಲ್ಲಿ "ಟಾಪ್ ಟೆನ್" ನೋಡ್ತೀವಿ. ಒಂದು ಡಿಸ್ಟ್ರೊ ನಮ್ಮಿಂದ ಎಷ್ಟು ಸಮಯ ಕೇಳುತ್ತೆ ಅನ್ನೋದನ್ನ ಮಾತ್ರ ನೋಡಲ್ಲ. ಇಂಜಿನಿಯರಿಂಗ್ ವಿದ್ಯಾರ್ಥಿಗೆ ಮೊದಲು ನೋಡಬೇಕಾದದ್ದೇ ಅದು ಅಂತ ನಮಗೀಗ ಅನಿಸಿದೆ. ನಮ್ಮ ಡಿಗ್ರಿಗೆ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಅದರ ಪಕ್ಕದಲ್ಲಿ ಡಿಸ್ಟ್ರೊಗಳನ್ನು ಇಟ್ಟು ನೋಡಿ.

ಉಬುಂಟುವಿನ ಎಲ್‌ಟಿಎಸ್ ಆವೃತ್ತಿ ಎರಡು ವರ್ಷಕ್ಕೊಮ್ಮೆ ಬರುತ್ತೆ, ಐದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತೆ. 2024ರ ಏಪ್ರಿಲ್‌ನಲ್ಲಿ ಬಂದ 24.04ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಅದರ ಮೇಲೆ ಕಟ್ಟಿದ ಮಿಂಟ್ 22ಕ್ಕೂ 2029ರವರೆಗೆ. ಅಂದರೆ 2024ರಲ್ಲಿ ಕಾಲೇಜು ಸೇರಿದ ವಾರ ಹಾಕಿಕೊಂಡವರು 2028ರಲ್ಲಿ ಸರ್ಟಿಫಿಕೇಟ್ ಹಿಡಿದು ಹೊರಗೆ ಹೋಗೋವರೆಗೂ ಅದನ್ನು ಮುಟ್ಟೋ ಅಗತ್ಯವೇ ಇಲ್ಲ. ಡೆಬಿಯನ್ ಸುಮಾರು ಎರಡು ವರ್ಷಕ್ಕೊಂದು ಆವೃತ್ತಿ ತರುತ್ತೆ. ಮೂರು ವರ್ಷ ಪೂರ್ತಿ ಬೆಂಬಲ, ಆಮೇಲೆ ಎಲ್‌ಟಿಎಸ್ ತಂಡ ಒಟ್ಟು ಐದು ವರ್ಷದವರೆಗೆ ನೋಡಿಕೊಳ್ಳುತ್ತೆ.

ಫೆಡೋರಾ ಆರು ತಿಂಗಳಿಗೊಂದು ಬರುತ್ತೆ, ಪ್ರತಿ ಆವೃತ್ತಿಗೆ ಸುಮಾರು ಹದಿಮೂರು ತಿಂಗಳು ಬೆಂಬಲ. ವರ್ಷಕ್ಕೊಮ್ಮೆಯಾದರೂ ಅಪ್‌ಗ್ರೇಡ್ ಮಾಡಲೇಬೇಕು. ಸೆಮಿಸ್ಟರ್ ರಜೆಯಲ್ಲಿ ಮಾಡಿಕೊಳ್ಳೋರಿಗೆ ಇದೇನೂ ಕಷ್ಟ ಅಲ್ಲ. ಹೊಸ ಕರ್ನಲ್, ಹೊಸ ಕಂಪೈಲರ್ ಬೇಗ ಸಿಗುತ್ತೆ ಅನ್ನೋ ಲಾಭ ಇದೆ. ಈಗಷ್ಟೇ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪ್ ಕೊಂಡವರಿಗೆ ಇದು ನಿಜಕ್ಕೂ ಉಪಯೋಗ, ಯಾಕಂದರೆ ಹೊಸ ಹಾರ್ಡ್‌ವೇರಿನ ಡ್ರೈವರ್‌ಗಳು ಹೊಸ ಕರ್ನಲ್‌ನಲ್ಲೇ ಇರೋದು.

ಆರ್ಚ್ ಥರದ ರೋಲಿಂಗ್ ಡಿಸ್ಟ್ರೊಗಳಿಗೆ ಆವೃತ್ತಿ ಅನ್ನೋದೇ ಇಲ್ಲ, ಹೊಸದು ಹರಿದು ಬರ್ತಾನೇ ಇರುತ್ತೆ. ಅವುಗಳ ನಿಯಮ ಸ್ಪಷ್ಟ: ಅಪ್‌ಡೇಟ್ ಮಾಡಿದರೆ ಪೂರ್ತಿ ಸಿಸ್ಟಮ್ಮನ್ನೇ ಮಾಡಬೇಕು. ಪಟ್ಟಿಯನ್ನಷ್ಟೇ ಹೊಸದು ಮಾಡಿಕೊಂಡು ಒಂದೇ ಪ್ಯಾಕೇಜ್ ಹಾಕಿದರೆ, ಅದರ ಜೊತೆ ಹೊಸ ಲೈಬ್ರರಿ ಬಂದು ಕೂತು, ಹಳೇ ಪ್ರೋಗ್ರಾಮುಗಳು ಬಿದ್ದುಹೋಗಬಹುದು. ಅವಳ ಲ್ಯಾಪ್‌ಟಾಪಿನಲ್ಲಿ ಆಗಿದ್ದು ಇದೇ. ಎರಡು ತಿಂಗಳಿಂದ ಅವಳು ಪೂರ್ತಿ ಅಪ್‌ಡೇಟ್ ಮಾಡಿರಲಿಲ್ಲ. ಯಾಕೆ ಅಂತ ಕೇಳಿದರೆ, "ದಿನಕ್ಕೆ ಒಂದೂವರೆ ಜಿಬಿ ಪ್ಯಾಕು ಅಣ್ಣ, ಅದರಲ್ಲೇ ಕ್ಲಾಸಿನ ವಿಡಿಯೋ ನೋಡ್ಬೇಕು" ಅಂದಳು. ನಾವು ಹಾಸ್ಟೆಲ್ ವೈಫೈನಲ್ಲಿ ಕೂತು ಆಯ್ಕೆ ಮಾಡಿದ್ದೆವು. ವಾರಾಂತ್ಯಕ್ಕೆ ಊರಿಗೆ ಹೋದಾಗ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಬದುಕುವವರ ಲೆಕ್ಕ ನಮಗೆ ಹೊಳೆದಿರಲಿಲ್ಲ. ಡಿಸ್ಟ್ರೊದಲ್ಲಿ ದೋಷ ಇರಲಿಲ್ಲ. ಅದು ತನ್ನ ನಿಯಮ ಹೇಳಿಯೇ ಇತ್ತು. ಅವಳಿಗೆ ದಾಟಿಸದೆ ಇದ್ದವರು ನಾವು.

ಅಕ್ಕಪಕ್ಕ ಯಾರಿದ್ದಾರೆ?

ಎರಡನೇದು, ಕೆಟ್ಟಾಗ ಕೇಳೋಕೆ ಯಾರಿದ್ದಾರೆ ಅನ್ನೋದು. ಲ್ಯಾಬಿನಲ್ಲಿ ಉಬುಂಟು ಇದ್ದರೆ, ಲ್ಯಾಬ್ ಮ್ಯಾನುಯಲ್ಲಿನ ಕಮಾಂಡ್‌ಗಳು ಮಿಂಟ್‌ನಲ್ಲೂ ಡೆಬಿಯನ್‌ನಲ್ಲೂ ಬಹುಪಾಲು ಹಾಗೇ ನಡೆಯುತ್ತವೆ, ಯಾಕಂದರೆ ಮೂರಕ್ಕೂ ಆಪ್ಟ್ ಒಂದೇ. ಫೆಡೋರಾದಲ್ಲಿ ಡಿಎನ್‌ಎಫ್, ಆರ್ಚ್‌ನಲ್ಲಿ ಪ್ಯಾಕ್‌ಮನ್. ಕಲಿಯೋಕೆ ಕಷ್ಟ ಅಂತಲ್ಲ. ಆದರೆ ಮೊದಲ ವರ್ಷದವರು ಸಿ ಪ್ರೋಗ್ರಾಮಿಂಗೇ ಹೊಸದಾಗಿ ಕಲೀತಿರುವಾಗ, ಪಕ್ಕದ ಬೆಂಚಿನವರ ಪರದೆಗೂ ತಮ್ಮದಕ್ಕೂ ತಾಳೆಯಾಗದೆ ಇದ್ದರೆ ಒಂಟಿ ಬೀಳ್ತಾರೆ.

ಕೋರ್ಸಿನ, ಪ್ರಾಜೆಕ್ಟಿನ ಸಾಧನಗಳೂ ಇದನ್ನ ತೀರ್ಮಾನ ಮಾಡ್ತವೆ. ರೋಬೋಟಿಕ್ಸ್ ಟೀಮಿನವರನ್ನು ಕೇಳಿ. ರಾಸ್ 2ರ ಹಂಬಲ್ ಆವೃತ್ತಿ ಉಬುಂಟು 22.04ಕ್ಕೆ, ಜ್ಯಾಜಿ ಆವೃತ್ತಿ 24.04ಕ್ಕೆ ಅಂತಲೇ ಸಿದ್ಧವಾಗಿದೆ. ಬೇರೆ ಡಿಸ್ಟ್ರೊದಲ್ಲೂ ಕಂಟೇನರ್ ಹಾಕಿ ಓಡಿಸಬಹುದು. ಆದರೆ ಡೆಡ್‌ಲೈನ್ ಹಿಂದಿನ ವಾರ ಕಂಟೇನರ್ ಕಲಿಯೋಕೆ ಹೊರಟವರ ಮುಖ ನಾವು ನೋಡಿದ್ದೀವಿ.

ಇನ್ನು, ಡಿಸ್ಟ್ರೊ ಹಿಂದೆ ಯಾರಿದ್ದಾರೆ ಅನ್ನೋದು. ದೊಡ್ಡ ಹೆಸರು ಇದ್ದಮಾತ್ರಕ್ಕೆ ನೆಮ್ಮದಿ ಅಂತೇನಿಲ್ಲ. ಸೆಂಟ್‌ಓಎಸ್ 8 ಬಂದದ್ದು 2019ರಲ್ಲಿ. 2029ರವರೆಗೆ ನಡೆಯುತ್ತೆ ಅಂತ ಎಲ್ಲರೂ ನಂಬಿದ್ದರು. 2020ರ ಡಿಸೆಂಬರ್‌ನಲ್ಲಿ ಘೋಷಣೆ ಬಂತು, 2021ರ ಡಿಸೆಂಬರ್ 31ಕ್ಕೆ ಮುಗೀತು. ಆಮೇಲೆ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಹುಟ್ಟಿಕೊಂಡವು, ಅದು ಸ್ವತಂತ್ರ ತಂತ್ರಾಂಶದ ದೊಡ್ಡತನ. ಆದರೂ ಒಬ್ಬಿಬ್ಬರು ಬಿಡುವಿನ ವೇಳೆಯಲ್ಲಿ ನಡೆಸುವ ಚೆಂದದ ಡಿಸ್ಟ್ರೊವನ್ನು ಇರೋ ಒಂದೇ ಲ್ಯಾಪ್‌ಟಾಪಿಗೆ ಹಾಕುವ ಮೊದಲು, ಅದು ಮುಂದಿನ ವರ್ಷವೂ ಇರುತ್ತಾ ಅಂತ ಒಮ್ಮೆ ಯೋಚಿಸಬೇಕು.

ನಾಚಿಕೆ ಆದದ್ದು ಇಲ್ಲಿ

ಆ ರಾತ್ರಿಯ ಇನ್ನೊಂದು ಸಂಗತಿ ಹೇಳದೆ ಬಿಟ್ಟರೆ ಈ ಬರಹ ಸುಳ್ಳಾಗುತ್ತೆ. ಫೈಲುಗಳು ಸರಿಯಿವೆಯಾ ಅಂತ ನೋಡ್ತಾ ಅವಳ ಫೋಲ್ಡರ್ ತೆಗೆದರೆ, ಕೆಲವು ಫೈಲುಗಳ ಹೆಸರಿನ ಜಾಗದಲ್ಲಿ ಬರೀ ಚೌಕಗಳು. ಕರಪ್ಟ್ ಆಗಿದೆ ಅಂತ ಗಾಬರಿಯಾದೆವು. ಅಲ್ಲ. ಅವು ಕನ್ನಡದ ಹೆಸರುಗಳು. ನಾವು ಹಾಕಿಕೊಟ್ಟ ಸಿಸ್ಟಮ್ಮಿನಲ್ಲಿ ಒಂದೇ ಒಂದು ಕನ್ನಡ ಫಾಂಟ್ ಇರಲಿಲ್ಲ.

ಇದೇ ಪತ್ರಿಕೆಗೆ ಹಿಂದಿನ ವರ್ಷ ಕಥೆ ಬರೆದವಳು ಅವಳು. ಉಬುಂಟುವಿನಲ್ಲಿ ಟೈಪ್ ಮಾಡಿ ಕಳಿಸಿದ್ದಳು. ರಾಜ್ಯೋತ್ಸವ ಸಂಚಿಕೆಗೆ ಬರೆದದ್ದನ್ನು ಪೂರ್ತಿ ಫೋನಿನಲ್ಲೇ ಒತ್ತಿದ್ದಳಂತೆ. "ಲ್ಯಾಪ್‌ಟಾಪಲ್ಲಿ ಕನ್ನಡ ಬರಲ್ಲ ಅನ್ಕೊಂಡೆ" ಅಂದಳು. ಕನ್ನಡ ಸಂಘದವರು ಹಾಕಿಕೊಟ್ಟ ಲಿನಕ್ಸಿನಲ್ಲಿ ಕನ್ನಡ ಬರಲ್ಲ! ಇದಕ್ಕಿಂತ ದೊಡ್ಡ ಅವಮಾನ ನಮಗೆ ಬೇರೆ ಬೇಕಾ?

ನಿಜ ಏನಂದರೆ ಲಿನಕ್ಸಿನಲ್ಲಿ ಕನ್ನಡ ಚೆನ್ನಾಗೇ ಬರುತ್ತೆ. ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟುಗಳು ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜಾಗಿಯೇ ಸಿಗುತ್ತವೆ. ಐಬಸ್ ಜೊತೆ ಎಂ17ಎನ್ ಹಾಕಿಕೊಂಡರೆ ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸ ಇರೋರಿಗೆ ಕೆಜಿಪಿ ಕೀಲಿಮಣೆ, ಇಂಗ್ಲಿಷ್ ಅಕ್ಷರ ಒತ್ತಿ ಬರೆಯೋರಿಗೆ ಐಟ್ರಾನ್ಸ್, ಜೊತೆಗೆ ಇನ್‌ಸ್ಕ್ರಿಪ್ಟ್, ಎಲ್ಲವೂ ಇವೆ. ಗ್ನೋಮ್, ಸಿನಮನ್ ಥರದ ಪೂರ್ಣ ಡೆಸ್ಕ್‌ಟಾಪುಗಳಲ್ಲಿ ಇದು ಸೆಟ್ಟಿಂಗ್ಸ್‌ನಲ್ಲಿ ನಾಲ್ಕು ಕ್ಲಿಕ್ಕಿನ ಮಾತು. ಬರೀ ವಿಂಡೋ ಮ್ಯಾನೇಜರ್ ಹಾಕಿಕೊಂಡ ಕಡೆ ಐಬಸ್ ತಾನಾಗಿ ಶುರುವಾಗೋ ಹಾಗೆ ಕೈಯಾರೆ ಬರೆಯಬೇಕು. ಅದನ್ನು ನಾವು ಬರೆಯಲಿಲ್ಲ, ಯಾಕಂದರೆ ಪರೀಕ್ಷೆ ಮಾಡುವಾಗ ನಾವು ಟೈಪ್ ಮಾಡಿದ್ದೆಲ್ಲ ಇಂಗ್ಲಿಷ್.

ಹಾಗಾಗಿ ಡಿಸ್ಟ್ರೊ ಪರೀಕ್ಷೆಗೆ ನಮ್ಮದೊಂದು ಹೊಸ ನಿಯಮ ಸೇರಿದೆ. ಲೈವ್ ಪೆನ್‌ಡ್ರೈವ್‌ನಲ್ಲಿ ಬೂಟ್ ಮಾಡಿ ವೈಫೈ, ಸೌಂಡು, ಟಚ್‌ಪ್ಯಾಡು, ಮುಚ್ಚಳ ಮುಚ್ಚಿ ತೆಗೆದರೆ ಏಳುತ್ತಾ ಅನ್ನೋದು, ಇವನ್ನೆಲ್ಲ ನೋಡಿ. ಆಮೇಲೆ ಕನ್ನಡದಲ್ಲಿ ಒತ್ತಕ್ಷರ ಇರುವ ಒಂದು ಸಾಲನ್ನು ಓದಿ, ಒಂದು ಸಾಲನ್ನು ಬರೆಯಿರಿ. ಕೀಲಿಮಣೆಯನ್ನು ಸೇರಿಸಿಕೊಳ್ಳಬೇಕಾಗಿ ಬಂದರೆ ಅದು ಎಷ್ಟು ಸುಲಭ ಅನ್ನೋದೂ ಅಲ್ಲೇ ಗೊತ್ತಾಗುತ್ತೆ. ಆಮೇಲೆ ಹಾಕಿ.

ಇನ್ನೊಂದು: ಹಳೇ ಮಾತುಗಳನ್ನು ಪರೀಕ್ಷಿಸದೆ ದಾಟಿಸಬೇಡಿ. "ಡೆಬಿಯನ್ ಹಾಕಿದ್ರೆ ವೈಫೈ ಬರಲ್ಲ" ಅಂತ ಸೀನಿಯರ್‌ಗಳು ಹೇಳ್ತಿದ್ದದ್ದು ಅವರ ಕಾಲಕ್ಕೆ ಸರಿ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ವೈಫೈಗೆ ಬೇಕಾಗುವ ಫರ್ಮ್‌ವೇರ್ ಇನ್‌ಸ್ಟಾಲರ್ ಒಳಗೇ ಇರುತ್ತೆ. ಹಾಗೇ "ತುಂಬಾ ಹಳೇ ಯಂತ್ರಕ್ಕೆ ಡೆಬಿಯನ್ ಹಾಕು" ಅನ್ನೋದೂ ಈಗ ಪೂರ್ತಿ ಸರಿಯಲ್ಲ. 2025ರ ಡೆಬಿಯನ್ 13ರಲ್ಲಿ 32 ಬಿಟ್ ಪ್ರೊಸೆಸರಿಗೆ ಇನ್‌ಸ್ಟಾಲರ್ ಇಲ್ಲ.

ಮುರಿದೇ ಕಲೀಬೇಕಾ?

ನಮ್ಮೊಳಗೇ ಒಂದು ವಾದ ನಡೀತು, ಅದನ್ನೂ ಹೇಳಬೇಕು. "ಎಲ್ಲರಿಗೂ ಸುಲಭದ್ದನ್ನೇ ಹಾಕಿಕೊಟ್ಟರೆ ಕಲಿಯೋದು ಯಾವಾಗ? ನಾವೆಲ್ಲ ಕೆಡಿಸಿಕೊಂಡೇ ತಾನೆ ಕಲಿತಿದ್ದು?" ಅಂತ ಒಬ್ಬರು ಕೇಳಿದರು. ಮಾತು ನಿಜ. ಪಾರ್ಟಿಶನ್ ಅಂದರೇನು, ಬೂಟ್‌ಲೋಡರ್ ಅಂದರೇನು ಅಂತ ನಮ್ಮಲ್ಲಿ ಮುಕ್ಕಾಲು ಜನಕ್ಕೆ ಗೊತ್ತಾದದ್ದು ವಿಂಡೋಸ್ ಅಳಿಸಿಕೊಂಡ ದಿನವೇ. ಆ ರಾತ್ರಿ ಎರಡು ಗಂಟೆಗೆ ನಾವು ಸರಿಮಾಡೋಕಾದದ್ದೂ ಹಾಗೆ ಕಲಿತದ್ದರಿಂದ.

ಆದರೆ ನಾವು ಕೆಡಿಸಿಕೊಂಡದ್ದು ನಮ್ಮದನ್ನ, ನಮ್ಮ ಇಷ್ಟದಿಂದ. ಈಜು ಕಲೀಬೇಕಂದ್ರೆ ನೀರಿಗೆ ಇಳೀಲೇಬೇಕು, ಸರಿ. ಹಾಗಂತ ದಡದಲ್ಲಿ ನಿಂತವರನ್ನು ಮಳೆಗಾಲದ ಹೊಳೆಗೆ ತಳ್ಳಬಾರದು. ಆರ್ಚ್ ಕಲೀಬೇಕು ಅನ್ನೋರು ವರ್ಚುವಲ್ ಮಶೀನಿನಲ್ಲಿ ಹಾಕಲಿ. ಇಲ್ಲಾ ಮನೆಯಲ್ಲಿ ಮೂಲೆಗೆ ಬಿದ್ದ ಯಂತ್ರಕ್ಕೆ ಹಾಕಲಿ. ಹತ್ತು ಸಲ ಕೆಡಿಸಲಿ, ನಾವೇ ಚಹಾ ಕುಡಿಸ್ತೀವಿ. ನಾಳೆ ಡೆಮೊ ಇರೋ ಲ್ಯಾಪ್‌ಟಾಪ್ ಮಾತ್ರ ಪ್ರಯೋಗಶಾಲೆ ಆಗೋದು ಬೇಡ.

ಇನ್ನೊಂದು ಕಾರಣಕ್ಕೂ ಇದನ್ನ ಈಗಲೇ ಹೇಳಬೇಕಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಹಳೇ ಪ್ರೊಸೆಸರುಗಳು ಪಟ್ಟಿಯಲ್ಲೇ ಇಲ್ಲ. ಅಣ್ಣನದ್ದು, ಅಕ್ಕನದ್ದು, ಸೆಕೆಂಡ್ ಹ್ಯಾಂಡ್ ಅಂಗಡಿಯದ್ದು, ಇಂಥ ಲ್ಯಾಪ್‌ಟಾಪ್ ಹಿಡಿದು ಮುಂದಿನ ಕ್ಯಾಂಪಿಗೆ ಬರೋರು ಜಾಸ್ತಿ ಆಗ್ತಾರೆ. ಅವರಿಗೆ ಸಿಗುವ ಮೊದಲ ಲಿನಕ್ಸ್ ನಾವು ಹಾಕಿಕೊಟ್ಟದ್ದು. ಅದು ಕೈಕೊಟ್ಟರೆ ಅವರು ನಮ್ಮನ್ನು ಬೈಯಲ್ಲ, "ಲಿನಕ್ಸ್ ಸರಿಯಿಲ್ಲ" ಅಂತಾರೆ. ಒಂದು ಪೈರೇಟೆಡ್ ವಿಂಡೋಸ್ ಹಾಕಿಸಿಕೊಂಡು ಹೋಗ್ತಾರೆ, ಮತ್ತೆ ಈ ಕಡೆ ತಲೆ ಹಾಕಲ್ಲ.

ಅದಕ್ಕೆ ಸಂಘದಲ್ಲಿ ಕೂತು ಕೆಲವು ತೀರ್ಮಾನ ಮಾಡಿದ್ದೀವಿ. ಮುಂದಿನ ಕ್ಯಾಂಪಿನಲ್ಲಿ ಮೊದಲು ಕೇಳ್ತೀವಿ, ಆಮೇಲೆ ಪೆನ್‌ಡ್ರೈವ್ ಹಾಕ್ತೀವಿ. ಏನು ತೊಂದರೆ, ಯಾವ ಸಾಫ್ಟ್‌ವೇರ್ ಬೇಕೇಬೇಕು, ನೆಟ್ ಎಷ್ಟು ಸಿಗುತ್ತೆ, ಕನ್ನಡ ಹೇಗೆ ಟೈಪ್ ಮಾಡ್ತೀರಿ, ಕೆಟ್ಟರೆ ನೀವೇ ನೋಡ್ಕೊಳ್ತೀರಾ: ಈ ಐದು ಪ್ರಶ್ನೆ. ಇರೋದೇ ಸಾಕು ಅನ್ನೋ ಹಾಗಿದ್ದರೆ ಹಾಗೇ ವಾಪಸ್ ಕಳಿಸ್ತೀವಿ. ಬ್ಯಾಕಪ್ ತಗೊಳ್ಳದೆ ಯಾರ ಡಿಸ್ಕನ್ನೂ ಮುಟ್ಟಲ್ಲ. ಹೋಮ್ ಫೋಲ್ಡರಿಗೆ ಬೇರೆ ಪಾರ್ಟಿಶನ್ ಮಾಡಿಕೊಡ್ತೀವಿ, ಮುಂದೆ ಮನಸ್ಸು ಬದಲಾದರೆ ಫೈಲುಗಳನ್ನು ಉಳಿಸಿಕೊಂಡು ಬೇರೆ ಡಿಸ್ಟ್ರೊ ಹಾಕೋದು ಸುಲಭ. ಕ್ಯಾಂಪ್ ಇಡೋದು ಸೆಮಿಸ್ಟರ್ ಶುರುವಿನಲ್ಲೇ, ಪರೀಕ್ಷೆ ಹತ್ತಿರ ಯಾರಿಗೂ ಏನೂ ಬದಲಿಸಿಕೊಡಲ್ಲ. ಪ್ರತಿಯೊಬ್ಬರಿಗೂ ಅವರ ಡಿಸ್ಟ್ರೊ ಅಪ್‌ಡೇಟ್ ಮಾಡುವ ಕ್ರಮವನ್ನು ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ಬರೆದುಕೊಡ್ತೀವಿ.

ಕೊನೆಗೆ ಅವಳ ಲ್ಯಾಪ್‌ಟಾಪಿಗೆ ಏನು ಹಾಕಿದಿರಿ ಅಂತ ಕೇಳ್ತೀರಾ? ಮೊದಲು ಅವಳು ದುಡ್ಡು ಕೂಡಿಸಿ ಒಂದು ಎಸ್‌ಎಸ್‌ಡಿ ತಂದಳು. ಆಮೇಲೆ ಮೂರು ಲೈವ್ ಪೆನ್‌ಡ್ರೈವ್ ಕೊಟ್ಟೆವು: ಉಬುಂಟು, ಮಿಂಟ್‌ನ ಎಕ್ಸ್‌ಎಫ್‌ಸಿಇ, ಡೆಬಿಯನ್. ಮೂರು ಸಂಜೆ ಒಂದೊಂದನ್ನೇ ನೋಡಿ, "ಅಣ್ಣ, ಮಿಂಟ್ ಇರಲಿ. ಮೆನು ಎಲ್ಲಿರಬೇಕೋ ಅಲ್ಲಿದೆ" ಅಂದಳು. ನಮ್ಮಲ್ಲೊಬ್ಬರು ಬಾಯಿ ತೆರೆದು ಬೇರೆ ಏನೋ ಹೇಳೋಕೆ ಹೊರಟಿದ್ದರು, ಪಕ್ಕದವರು ಕಾಲು ತುಳಿದರು. ಇನ್‌ಸ್ಟಾಲ್ ಅವಳೇ ಮಾಡಿಕೊಂಡಳು, ನಾವು ಪಕ್ಕದಲ್ಲಿ ಕೂತಿದ್ದೆವು. ಈ ಸಂಚಿಕೆಗೆ ಅವಳು ಕಳಿಸಿದ ಕಥೆ ಫೋನಿನಲ್ಲಿ ಒತ್ತಿದ್ದಲ್ಲ.